ಮಂಡಿ ಬಗ್ಗಿಸಿ ನಡೆಯಲು ಕಲಿತದ್ದು

ಪೋಲಿಯೋ ಬಂದ ಕಾಲಲ್ಲಿ ನಡೆಯುವವರನ್ನು ನೀವೆಲ್ಲ ನೋಡಿರುತ್ತೀರಿ. ಒಂದು ಕೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಹೆಜ್ಜೆ ಹೆಜ್ಜೆಗೂ ಬಾಗಿ ನಡೆಯುತ್ತಾರೆ. ತೊಡೆಯ ಮುಂದಿನ ಸ್ನಾಯುವಿನಲ್ಲಿ ಬಲ ಇಲ್ಲದಿದ್ದರೆ ಮಂಡಿ ಯಾವಾಗ ಬೇಕಾದರೂ ಮಡಚಿಕೊಳ್ಳುತ್ತೆ. ಕೈ ಒತ್ತಿದರೆ ನೆಟ್ಟಗೆ ನಿಲ್ಲುತ್ತೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ನಾನೂ ಹೈಸ್ಕೂಲ್ ಮುಗಿಯುವ ತನಕ ಹಾಗೇ ನಡೆದವಳು. ಆಮೇಲೆ ಕ್ಯಾಲಿಪರ್ ಬಂತು. ಈಗ ಎಡಗಾಲಿಗೆ ಕಂಪ್ಯೂಟರ್ ಇರುವ ಬ್ರೇಸ್, ಅಂದರೆ ಕಾಲಿಗೆ ಕಟ್ಟುವ ಆಸರೆ, ಹಾಕುತ್ತೇನೆ.

ಇದನ್ನು ಬರೆಯಲು ಕಾರಣ, ನಮ್ಮ ಜಿಲ್ಲೆಯಲ್ಲೇ ನನ್ನ ವಯಸ್ಸಿನ, ನನಗಿಂತ ದೊಡ್ಡ ವಯಸ್ಸಿನ ಪೋಲಿಯೋದವರು ತುಂಬಾ ಜನ ಇದ್ದಾರೆ. ಈ ಬ್ರೇಸ್ ಬಗ್ಗೆ ಫೋನ್ ಮಾಡಿ ಕೇಳುತ್ತಾರೆ. ಮೊಬೈಲಲ್ಲಿ ವಿಡಿಯೋ ನೋಡಿ, ಹಾಕಿಕೊಂಡ ಕೂಡಲೇ ಎಲ್ಲರ ಹಾಗೆ ನಡೆಯಬಹುದು ಅಂದುಕೊಂಡಿರುತ್ತಾರೆ. ಹಾಗಲ್ಲ. ಆದರೆ ಅದರಿಂದ ಆಗುವ ಉಪಕಾರ ಸಣ್ಣದೂ ಅಲ್ಲ. ಎರಡನ್ನೂ ಸರಿಯಾಗಿ ಹೇಳಬೇಕು ಅನಿಸಿತು.

ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದ ಹತ್ತಿರ. ಸ್ವಲ್ಪ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಮೆಣಸು. ತೋಟ ಅಣ್ಣ ನೋಡಿಕೊಳ್ಳುತ್ತಾನೆ. ನಾನು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೇನೆ. ಹುಟ್ಟಿದ್ದು 1979ರಲ್ಲಿ. ಎರಡು ವರ್ಷ ತುಂಬುವ ಮೊದಲೇ ಜ್ವರ ಬಂತು, ಎಡಗಾಲು ಹೋಯಿತು. ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ. ಅಮ್ಮ ಈಗಲೂ ಆ ವರ್ಷದ ಲೆಕ್ಕ ಹಾಕಿ ಬೇಜಾರು ಮಾಡಿಕೊಳ್ಳುತ್ತಾರೆ.

ಕ್ಯಾಲಿಪರ್ ಗೊತ್ತಿಲ್ಲದವರಿಗೆ ಒಂದು ಮಾತು. ಕಾಲಿನ ಎರಡೂ ಪಕ್ಕ ಲೋಹದ ಪಟ್ಟಿ, ತೊಡೆಗೂ ಕಣಕಾಲಿಗೂ ಚರ್ಮದ ಬೆಲ್ಟು, ಕೆಳಗೆ ಬೂಟು. ಮಂಡಿಯ ಹತ್ತಿರ ಎರಡೂ ಕಡೆ ಒಂದೊಂದು ರಿಂಗ್. ಎದ್ದು ನಿಂತರೆ ರಿಂಗ್ ಕೆಳಗೆ ಜಾರಿ ಟಕ್ ಅಂತ ಲಾಕ್ ಆಗುತ್ತೆ. ಆಮೇಲೆ ಮಂಡಿ ಬಗ್ಗುವ ಪ್ರಶ್ನೆಯೇ ಇಲ್ಲ. ಕೂರಬೇಕಾದರೆ ಬಟ್ಟೆಯ ಮೇಲಿಂದಲೇ ತಡಕಿ ಎರಡೂ ರಿಂಗ್ ಮೇಲೆತ್ತಬೇಕು. ಎತ್ತಿದ ಕೂಡಲೇ ಕಾಲು ಕುಸಿಯುತ್ತೆ, ಧಡ್ ಅಂತ ಕುರ್ಚಿ ಮೇಲೆ ಬೀಳುತ್ತೇವೆ. ಬಸ್ಸಲ್ಲಿ ಲಾಕ್ ತೆಗೆಯಲು ಜಾಗ ಸಿಗದಿದ್ದರೆ ಕಾಲು ನಡುದಾರಿಗೆ ಚಾಚಿಕೊಂಡೇ ಇರುತ್ತೆ, ಹತ್ತಿ ಇಳಿಯುವವರೆಲ್ಲ ಎಡವುತ್ತಾರೆ.

ಆದರೂ ಕ್ಯಾಲಿಪರ್ ಮೇಲೆ ನನಗೆ ಗೌರವ ಇದೆ. ಅದು ನನ್ನನ್ನು ಕಾಲೇಜಿಗೆ ಕಳಿಸಿತು, ಕೆಲಸಕ್ಕೆ ಕಳಿಸಿತು. ತೊಂದರೆ ಇರುವುದು ಬೇರೆ ಕಡೆ. ನೆಟ್ಟಗಿರುವ ಕಾಲನ್ನು ಮುಂದಿಡಬೇಕಾದರೆ ಸೊಂಟ ಎತ್ತಬೇಕು, ಕಾಲನ್ನು ಪಕ್ಕದಿಂದ ಸುತ್ತಿಸಿ ತರಬೇಕು. ಇಳಿಜಾರು, ಮೆಟ್ಟಿಲು, ಕೂರುವುದು, ಏಳುವುದು ಎಲ್ಲದರ ಭಾರ ಚೆನ್ನಾಗಿರುವ ಕಾಲಿನ ಮೇಲೆ. ನಲವತ್ತು ದಾಟುವ ಹೊತ್ತಿಗೆ ನನ್ನ ಬಲಮಂಡಿ ಊದತೊಡಗಿತು, ಸೊಂಟ ನೋವು ಬಿಡಲಿಲ್ಲ. ಸಂಜೆ ಆಗುವಷ್ಟರಲ್ಲಿ ಬಲಗಾಲೂ ಸೋತು ಬರುತ್ತಿತ್ತು. ಪೋಲಿಯೋದಲ್ಲಿ ಬೆನ್ನುಹುರಿಯೊಳಗೆ ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುತ್ತವೆ. ಉಳಿದ ಕೋಶಗಳು ಸತ್ತವುಗಳ ಕೆಲಸವನ್ನೂ ಹೊತ್ತುಕೊಳ್ಳುತ್ತವೆ. ಹತ್ತಾರು ವರ್ಷ ಹೀಗೆ ದುಡಿದು ಅವೂ ದಣಿಯುತ್ತವೆ. ಇದಕ್ಕೆ ಪೋಸ್ಟ್ ಪೋಲಿಯೋ ಅನ್ನುತ್ತಾರೆ. ನಾನು ಮೊದಲು ತೋರಿಸಿದ ಡಾಕ್ಟರು ಈ ಹೆಸರನ್ನೇ ಎತ್ತಲಿಲ್ಲ. “ಇಷ್ಟು ವರ್ಷ ನಡೆದಿದ್ದೀರಲ್ಲ, ವಯಸ್ಸಾಯ್ತು, ಇನ್ನು ಸುಧಾರಿಸ್ಕೊಳ್ಳಿ” ಅಂದರು. ಆ ಮಾತು ಇವತ್ತಿಗೂ ನೋವು ಕೊಡುತ್ತೆ. ಭಾರತದಲ್ಲಿ ಸಹಜ (ವೈಲ್ಡ್) ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ ಸಿಕ್ಕಿದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. 2014ರಲ್ಲಿ ದೇಶ ಪೋಲಿಯೋ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಅದು ಬಹಳ ದೊಡ್ಡ ಸಾಧನೆ. ಆದರೆ ಹೊಸ ಡಾಕ್ಟರುಗಳು, ಫಿಸಿಯೋಗಳು ಪೋಲಿಯೋ ಕಾಲು ನೋಡುವುದೇ ಕಡಿಮೆ ಆಯಿತು. ಕಾಯಿಲೆ ಹೋಯಿತು, ನಾವು ಇನ್ನೂ ಇದ್ದೇವೆ ಅಲ್ವಾ?

2018ರ ಆಗಸ್ಟ್ ಮಳೆ, ಗುಡ್ಡಗಳು ಕುಸಿದದ್ದು ಕೊಡಗಿನವರು ಮರೆಯುವಂಥದ್ದಲ್ಲ. ನಮ್ಮ ಮನೆಯ ಹಿಂದಿನ ಗುಡ್ಡದ ಬರೆಯಲ್ಲೂ ಬಿರುಕು ಕಂಡಿತು. ರಾತ್ರಿಯೇ ಹೊರಡಿ ಅಂದರು. ಕೆಸರಿನ ಇಳಿಜಾರಲ್ಲಿ ಲಾಕ್ ಆದ ಕಾಲು ಒಂದು ಕಡೆ ಜಾರುತ್ತೆ, ಬಲಗಾಲು ತಡೆಯುವುದಿಲ್ಲ. ಕೊನೆಗೆ ಅಣ್ಣ ಬೆನ್ನ ಮೇಲೆ ಹೊತ್ತುಕೊಂಡು ರಸ್ತೆಗೆ ಇಳಿಸಿದ. ಅವನಿಗೂ ಆಗ ಐವತ್ತರ ಹತ್ತಿರ. ಇಳಿಜಾರು ಇಳಿಯಲು ಏನಾದರೂ ದಾರಿ ಇದೆಯಾ ಅಂತ ನಾನು ಹುಡುಕಲು ಶುರು ಮಾಡಿದ್ದು ಆಗ. ಕೊಡಗಿನಲ್ಲಿ ಸಮತಟ್ಟಾದ ಜಾಗ ಅಂದರೆ ಗದ್ದೆ ಮತ್ತು ಕಾಫಿ ಒಣಗಿಸುವ ಕಣ. ಮಿಕ್ಕದ್ದೆಲ್ಲ ಏರು ಇಲ್ಲ ಇಳಿಜಾರು.

ಮೈಸೂರಿನಲ್ಲಿ ಪುನರ್ವಸತಿ ವಿಭಾಗದ ಡಾಕ್ಟರೊಬ್ಬರು ಸಿಕ್ಕರು. ಕಾಲು ಮುಟ್ಟಿ ನೋಡಿದ ಕೂಡಲೇ “ತಣ್ಣಗಿದೆ, ಚಳಿಗಾಲದಲ್ಲಿ ನೀಲಿ ಆಗುತ್ತಾ?” ಅಂದರು. ಆಗುತ್ತೆ. ಮಡಿಕೇರಿ ಚಳಿಗೆ ನನ್ನ ಎಡಪಾದ ಎರಡು ಸಾಕ್ಸ್ ಹಾಕಿದರೂ ಬಿಸಿ ಆಗುವುದಿಲ್ಲ. ಪೋಲಿಯೋ ಕಾಲು ಗೊತ್ತಿರುವವರ ಕೈಗೆ ಬಂದೆ ಅಂತ ಆ ಒಂದು ಪ್ರಶ್ನೆಯಲ್ಲೇ ಧೈರ್ಯ ಬಂತು. ಅವರೇ ಬೆಂಗಳೂರಿನ ಒಂದು ಕೇಂದ್ರಕ್ಕೆ ಚೀಟಿ ಬರೆದುಕೊಟ್ಟರು.

ಅಲ್ಲಿ ಮೊದಲ ದಿನ ಬ್ರೇಸನ್ನು ತೋರಿಸಲೂ ಇಲ್ಲ. ಬರೀ ಪರೀಕ್ಷೆ. ಮಲಗಿಸಿ, ಕೂರಿಸಿ, ಮಗ್ಗುಲಾಗಿಸಿ ಒಂದೊಂದೇ ಸ್ನಾಯುವಿಗೆ 0ಯಿಂದ 5ರ ತನಕ ಅಂಕ ಹಾಕುತ್ತಾರೆ. ನನ್ನ ಎಡತೊಡೆಯ ಮುಂದಿನ ಸ್ನಾಯುವಿಗೆ 1 ಬಂತು. ಅಂದರೆ, ಸ್ನಾಯು ಬಿಗಿಯಾದದ್ದು ಬೆರಳಿಗೆ ಗೊತ್ತಾಗುತ್ತೆ, ಕಾಲು ಮಾತ್ರ ಏಳುವುದಿಲ್ಲ. ಸೊಂಟದ ಹತ್ತಿರ ಕಾಲನ್ನು ಮುಂದಕ್ಕೆ ತರುವ ಸ್ನಾಯುವಿಗೆ 3. “ಇದೇ ಮುಖ್ಯ ಮೇಡಂ” ಅಂದರು ಆರ್ಥೋಟಿಸ್ಟ್, ಅಂದರೆ ಬ್ರೇಸ್ ಮಾಡಿ ಕೂರಿಸುವವರು. “ಕಾಲನ್ನ ಮುಂದಕ್ಕೆ ಬೀಸೋದು ನೀವೇ. ಅದನ್ನ ಬ್ರೇಸ್ ಮಾಡಲ್ಲ.” ಆಮೇಲೆ ಮಂಡಿ ಎಷ್ಟು ನೆಟ್ಟಗಾಗುತ್ತೆ ಅಂತ ಅಳೆದರು. ವರ್ಷಗಟ್ಟಲೆ ಮಡಚಿಕೊಂಡೇ ಇದ್ದ ಮಂಡಿ ಅಲ್ಲೇ ಬಿಗಿದು ಹೋಗಿರುತ್ತೆ. 10 ಡಿಗ್ರಿಗಿಂತ ಜಾಸ್ತಿ ಬಿಗಿತ ಇದ್ದರೆ ಈ ಬ್ರೇಸ್ ಕೂರುವುದಿಲ್ಲ. ನನಗೆ ಆ ತೊಂದರೆ ಇರಲಿಲ್ಲ. ಮೈತೂಕ ನೋಡಿದರು, ಅದಕ್ಕೂ ಮಿತಿ ಇದೆ. ಎಡಗಾಲು ಎಷ್ಟು ಗಿಡ್ಡ ಅಂತ ಪಾದದಡಿ ಹಲಗೆ ತುಂಡುಗಳನ್ನು ಒಂದೊಂದಾಗಿ ಇಟ್ಟು, ಸೊಂಟ ಸಮ ಆಗುವ ತನಕ ನೋಡಿದರು.

ಈ ಬ್ರೇಸಲ್ಲಿ ಮೋಟಾರ್ ಇಲ್ಲ. ಇದನ್ನು ನಾನು ಎಲ್ಲರಿಗೂ ಮೊದಲು ಹೇಳುತ್ತೇನೆ. ನನ್ನದು ಜರ್ಮನಿಯ ಒಟ್ಟೊಬಾಕ್ ಕಂಪನಿಯ ಸಿ-ಬ್ರೇಸ್. ಅದೇ ಕಂಪನಿ ಕಾಲು ಕಳೆದುಕೊಂಡವರಿಗಾಗಿ 1997ರಲ್ಲಿ ಸಿ-ಲೆಗ್ ಅಂತ ಕಂಪ್ಯೂಟರ್ ಇರುವ ಕೃತಕ ಮಂಡಿ ತಂದಿತ್ತು. ಆ ವಿದ್ಯೆಯನ್ನೇ ಆಮೇಲೆ ಬಲ ಕಳೆದುಕೊಂಡ ಕಾಲಿಗೆ ತಂದರು. ಪೋಲಿಯೋ ಆದವರಿಗೆ, ಬೆನ್ನುಹುರಿಗೆ ಪೂರ್ತಿ ಅಲ್ಲದ ಪೆಟ್ಟು ಬಿದ್ದವರಿಗೆ, ತೊಡೆಯ ನರ ಹೋದವರಿಗೆ ಇದು ಆಗುತ್ತೆ. ಮಂಡಿಯ ಹೊರಬದಿಯಲ್ಲಿ ಒಂದು ಹೈಡ್ರಾಲಿಕ್ ಸಿಲಿಂಡರ್ ಇದೆ. ಒಳಗೆ ಎಣ್ಣೆ, ಎಣ್ಣೆ ಹರಿಯುವ ದಾರಿಗೆ ಕವಾಟ. ಬ್ಯಾಂಕಿನ ಬಾಗಿಲು ಬಿಟ್ಟರೂ ಧಡಾರ್ ಅನ್ನದೆ ಮೆಲ್ಲಗೆ ಮುಚ್ಚಿಕೊಳ್ಳುತ್ತಲ್ಲ, ಹಾಗೆ ಇದೂ ಮಂಡಿಯನ್ನು ಮೆಲ್ಲಗೆ ಬಗ್ಗಲು ಬಿಡುತ್ತೆ. ಸೆನ್ಸರುಗಳು ಮಂಡಿ ಎಷ್ಟು ಬಗ್ಗಿದೆ, ಕಾಲು ಯಾವ ಕಡೆ ವಾಲಿದೆ, ಎಷ್ಟು ಬೇಗ ಚಲಿಸುತ್ತಿದೆ ಅಂತ ಸೆಕೆಂಡಿಗೆ 100 ಸಲ ನೋಡುತ್ತವೆ. ಅದಕ್ಕೆ ತಕ್ಕ ಹಾಗೆ ಕಂಪ್ಯೂಟರ್ ಕವಾಟವನ್ನು ಬಿಗಿ ಮಾಡುತ್ತೆ ಇಲ್ಲ ಸಡಿಲ ಬಿಡುತ್ತೆ. ಭಾರ ಹಾಕಿ ನಿಂತಾಗ ಬಿಗಿ. ಹಿಂದಿನ ಕಾಲನ್ನು ಎತ್ತಿ ಮುಂದಕ್ಕೆ ತರುವಾಗ ಸಡಿಲ. ಎಡವಿದರೆ ಮತ್ತೆ ಬಿಗಿ. ಬ್ಯಾಟರಿ ಓಡಿಸುವುದು ಈ ಯೋಚನೆಯನ್ನು ಮಾತ್ರ, ನಮ್ಮ ಕಾಲನ್ನಲ್ಲ.

ಅಚ್ಚು ತೆಗೆಯುವ ಮೊದಲೇ ಪ್ರಯೋಗಕ್ಕೆ ಅಂತ ಇಟ್ಟ ಬ್ರೇಸ್ ಕಟ್ಟಿ ನಡೆಸಿ ನೋಡಿದರು. ಇದು ಒಳ್ಳೆಯ ಪದ್ಧತಿ. ಇಷ್ಟು ದುಡ್ಡಿನ ವಸ್ತುವನ್ನು ನಡೆದು ನೋಡದೆ ಯಾರೂ ತೆಗೆದುಕೊಳ್ಳಬಾರದು.

ದುಡ್ಡಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹಲವು ಲಕ್ಷ. ಅಂಗವಿಕಲರಿಗೆ ಸಾಧನಗಳನ್ನು ಮಾಡಿಕೊಡುವ ಸರ್ಕಾರಿ ಸಂಸ್ಥೆ ಅಲಿಮ್ಕೋದ ಶಿಬಿರಗಳಲ್ಲಿ ಸಾಮಾನ್ಯ ಕ್ಯಾಲಿಪರ್ ಸಿಗುತ್ತೆ, ಊರುಗೋಲು ಸಿಗುತ್ತೆ, ಇಂಥದ್ದು ಸಿಗುವುದಿಲ್ಲ. ನನ್ನ ವಿಮೆಯವರು, ಹುಟ್ಟಿದ ಮೇಲೆ ಬಂದ ಕಾಯಿಲೆಯಾದರೂ ಪಾಲಿಸಿಗಿಂತ ಹಳೆಯದು ಅಂತ ಕೈ ಎತ್ತಿದರು. ಅಣ್ಣ ಒಳ್ಳೆ ರೇಟ್ ಬರಲಿ ಅಂತ ಕಟ್ಟಿಟ್ಟಿದ್ದ ಮೆಣಸಿನ ಚೀಲಗಳನ್ನು ಇಳಿಸಿ ಮಾರಿದ. ಅತ್ತಿಗೆ ಕೇಳುವ ಮೊದಲೇ ತನ್ನ ಬಳೆ ತಂದುಕೊಟ್ಟರು. ನಾನು ಪಿಎಫ್ ತೆಗೆದೆ. ಹೀಗೆ ಕೂಡಿಸುವ ಶಕ್ತಿ ಎಲ್ಲರ ಮನೆಯಲ್ಲೂ ಇರುವುದಿಲ್ಲ. ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಪೋಲಿಯೋದವರಿಗೆ ಈ ಬಾಗಿಲು ಮುಚ್ಚಿಯೇ ಇದೆ. ಅದು ನನಗೆ ಸರಿ ಕಾಣುವುದಿಲ್ಲ. ಕ್ಯಾಲಿಪರ್ ಕೊಡುವ ಯೋಜನೆ ಇದ್ದರೆ, ಪರೀಕ್ಷೆ ಮಾಡಿ ಯೋಗ್ಯ ಅಂತ ಕಂಡವರಿಗೆ ಇದನ್ನು ಕೊಡಲೂ ಒಂದು ಯೋಜನೆ ಬೇಕು.

ಅಚ್ಚು ತೆಗೆದದ್ದು ಚೆನ್ನಾಗಿ ನೆನಪಿದೆ. ಕಾಲಿಗೆ ತೊಡೆಸಂದಿನ ತನಕ ತೆಳ್ಳಗಿನ ಬಿಳಿ ಕಾಲುಚೀಲ ಹಾಕಿದರು. ಮೂಳೆ ಎದ್ದು ಕಾಣುವ ಕಡೆಗಳಲ್ಲಿ, ಅಂದರೆ ಮಂಡಿಯ ಎರಡೂ ಪಕ್ಕ, ಕಾಲಿನ ಗಿಣ್ಣು, ಕಣಕಾಲಿನ ಮುಂಭಾಗದಲ್ಲಿ, ನೇರಳೆ ಪೆನ್ಸಿಲಿನಿಂದ ಗುರುತು ಹಾಕಿದರು. ಒದ್ದೆ ಪ್ಲಾಸ್ಟರ್ ಸುತ್ತಿದರೆ ಆ ಗುರುತು ಒಳಗಡೆಗೆ ಅಂಟಿಕೊಳ್ಳುತ್ತೆ. ಕಾಲಿನ ಮುಂದೆ ಉದ್ದಕ್ಕೂ ಒಂದು ಪಟ್ಟಿ ಇಟ್ಟು, ಅದರ ಮೇಲೆ ಪ್ಲಾಸ್ಟರ್ ಬ್ಯಾಂಡೇಜ್ ಸುತ್ತುತ್ತಾ ಬಂದರು. ಮೊದಲು ತಣ್ಣಗಿತ್ತು. ಗಟ್ಟಿಯಾಗುತ್ತಾ ಬಂದ ಹಾಗೆ ಬಿಸಿ ಆಯಿತು. ಆ ಬಿಸಿ ನನ್ನ ಪಾದದ ತನಕ ಗೊತ್ತಾಯಿತು. ಪೋಲಿಯೋದಲ್ಲಿ ಹೋಗುವುದು ಬಲ, ಸ್ಪರ್ಶ ಅಲ್ಲ. ನೋವು, ಬಿಸಿ, ತುರಿಕೆ ಎಲ್ಲ ಗೊತ್ತಾಗುತ್ತೆ. ಬ್ರೇಸ್ ಹಾಕುವವರಿಗೆ ಇದೊಂದು ಅನುಕೂಲ, ಎಲ್ಲಿ ಉಜ್ಜಿದರೂ ಗಾಯ ಆಗುವ ಮೊದಲೇ ತಿಳಿಯುತ್ತೆ. ಆರ್ಥೋಟಿಸ್ಟ್ ಎರಡೂ ಅಂಗೈಯಲ್ಲಿ ಮಂಡಿಯನ್ನು ಒತ್ತಿ ಹಿಡಿದು, ಪ್ಲಾಸ್ಟರ್ ಬಿಗಿಯುವ ತನಕ ಅಲುಗಾಡಲಿಲ್ಲ. ಆಮೇಲೆ ಪಟ್ಟಿಯ ಮೇಲೆ ಕೊಯ್ದು, ಅಗಲಿಸಿ ಕಾಲು ಹೊರಗೆ ತೆಗೆದರು. ಆ ಟೊಳ್ಳು ಅಚ್ಚಿಗೆ ಪ್ಲಾಸ್ಟರ್ ಸುರಿದು ಕಾಲಿನ ಪ್ರತಿಮೆ ಮಾಡುತ್ತಾರೆ. ಅದನ್ನು ತಿದ್ದಿ, ಅದರ ಮೇಲೆ ಕಾರ್ಬನ್ ಫೈಬರ್ ಬಟ್ಟೆ ಹಾಸಿ ರೆಸಿನ್ ಎಳೆಸಿ ಬ್ರೇಸಿನ ಮೈ ತಯಾರಿಸುತ್ತಾರೆ. ಜರ್ಮನಿಯಿಂದ ಬರುವುದು ಮಂಡಿಯ ಭಾಗ. ಉಳಿದದ್ದು ನಮ್ಮ ಕಾಲಿಗೆ ಅಂತಲೇ ಇಲ್ಲಿ ಕೈಯಲ್ಲಿ ಮಾಡಿದ್ದು. ಕಂಪ್ಯೂಟರಿನಷ್ಟೇ ಆ ಕೈಕೆಲಸವೂ ಮುಖ್ಯ ಅಂತ ನನ್ನ ಅನುಭವ. ತೊಡೆಯ ಒಳಬದಿಯಲ್ಲಿ ಒಂದು ಅಂಚು ಒತ್ತುತ್ತಿತ್ತು. ಅದನ್ನು ಉಜ್ಜಿ ತಿದ್ದುವ ತನಕ ಯಾವ ಸೆನ್ಸರಿದ್ದೂ ಹತ್ತು ಹೆಜ್ಜೆ ನಡೆಯಲು ಆಗಲಿಲ್ಲ.

ನಿಜವಾದ ಕಷ್ಟ ಇದ್ದದ್ದು ಕಲಿಯುವುದರಲ್ಲಿ. ಎರಡೂ ಕಡೆ ಹಿಡಿಯಲು ಕಂಬಿ ಇರುವ ದಾರಿಯಲ್ಲಿ ನಿಲ್ಲಿಸಿದರು. ಲ್ಯಾಪ್‌ಟಾಪಿಗೆ ಬ್ರೇಸ್ ಜೋಡಿಸಿ, ನಾನು ಹೆಜ್ಜೆ ಇಟ್ಟ ಹಾಗೆ ಒಬ್ಬರು ನಂಬರ್ ಬದಲಾಯಿಸುತ್ತಿದ್ದರು. ಫಿಸಿಯೋ ಚಿಕ್ಕ ವಯಸ್ಸಿನ ಹುಡುಗ, ಹುಬ್ಬಳ್ಳಿ ಕಡೆಯವನು. “ಅಕ್ಕಾರ, ಭಾರ ಹಾಕ್ರಿ. ಹಾಕಿ ಮಂಡಿ ಬಗ್ಗಲಿಕ್ಕೆ ಬಿಡ್ರಿ.”

ಬಿಡುವುದು ಹೇಗೆ? ಬುದ್ಧಿ ಬಂದಾಗಿನಿಂದ ನಾನು ಮಾಡಿದ ಕೆಲಸ ಒಂದೇ, ಆ ಮಂಡಿ ಬಗ್ಗದ ಹಾಗೆ ನೋಡಿಕೊಳ್ಳುವುದು. ಅದು ಬಗ್ಗಿದರೆ ನಾನು ನೆಲದ ಮೇಲೆ. ಶಾಲೆಯ ಅಂಗಳದಲ್ಲಿ, ದೇವಸ್ಥಾನದ ಮೆಟ್ಟಿಲ ಮೇಲೆ, ಮದುವೆ ಮನೆಯಲ್ಲಿ ಬಿದ್ದಿದ್ದೇನೆ. ಈಗ ಭಾರ ಹಾಕಿಯೂ ಬಗ್ಗಲು ಬಿಡಿ ಅಂದರೆ ಮೈಯೇ ಒಪ್ಪುವುದಿಲ್ಲ. ಮನಸ್ಸು ಹೂಂ ಅಂದರೂ ಸೊಂಟ ಹಿಂದಕ್ಕೆ ಎಳೆಯುತ್ತೆ, ಎಡಗೈ ತಾನಾಗಿ ತೊಡೆಗೆ ಹೋಗುತ್ತೆ. ಹುಡುಗ ನನ್ನ ಕೈ ಮೆಲ್ಲಗೆ ತೆಗೆದು ಕಂಬಿಯ ಮೇಲೆ ಇಡುತ್ತಿದ್ದ. ಮತ್ತೆ ಹೋಗುತ್ತಿತ್ತು. ಮತ್ತೆ ತೆಗೆಯುತ್ತಿದ್ದ.

ಮೊದಲು ಕೂರುವುದನ್ನು ಕಲಿಸಿದರು. ಹಿಂದೆ ಕುರ್ಚಿ ಇಟ್ಟು, ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ಕೂರಿ ಅಂದರು. ಕೂರಲು ಹೋದೆ. ಎಡಮಂಡಿ ಬಗ್ಗಿತು, ಆದರೆ ಕುಸಿಯಲಿಲ್ಲ. ನನ್ನ ಭಾರವನ್ನು ಹಿಡಿದುಕೊಂಡೇ ಮೆಲ್ಲಗೆ ಕೆಳಗೆ ಇಳಿಸಿತು. ಅಷ್ಟು ನಿಧಾನಕ್ಕೆ, ಸದ್ದಿಲ್ಲದೆ ನಾನು ಜೀವನದಲ್ಲಿ ಕುರ್ಚಿಯ ಮೇಲೆ ಕೂತಿರಲಿಲ್ಲ. ಎದ್ದೆ, ಮತ್ತೆ ಕೂತೆ. ಸಾಕು ಅನ್ನುವ ತನಕ ಕೂತೆ. ಜೊತೆಗೆ ಬಂದಿದ್ದ ಅತ್ತಿಗೆಗೆ ಕಣ್ಣಲ್ಲಿ ನೀರು.

ಆಮೇಲೆ ಇಳಿಜಾರು. ಹಿಮ್ಮಡಿ ಊರಿ, ಹಿಂದೆ ವಾಲದೆ ಭಾರವನ್ನು ಅದರ ಮೇಲೇ ಬಿಡಬೇಕು. ಮಂಡಿ ಬಗ್ಗುತ್ತಾ ಹೋಗುತ್ತೆ, ಅಷ್ಟರಲ್ಲಿ ಬಲಗಾಲು ಮುಂದೆ ಬಂದಿರಬೇಕು. ಮೆಟ್ಟಿಲು ಇಳಿಯುವಾಗ ಬೂಟಿನ ಅರ್ಧ ಭಾಗ ಮೆಟ್ಟಿಲಿನ ಅಂಚಿನಿಂದ ಆಚೆ ಇರಬೇಕು, ಆಗ ಪಾದ ಅಂಚಿನ ಮೇಲೆ ಉರುಳಿ ಮಂಡಿ ಬಗ್ಗುತ್ತೆ. ಕೇಳಲು ಸುಲಭ. ಅಂಚಿನಲ್ಲಿ ಪಾದ ಇಡುವುದು ಅಂದರೆ ನಮ್ಮಂಥವರಿಗೆ ಎದೆ ಬಡಿದುಕೊಳ್ಳುತ್ತೆ. ಹತ್ತುವುದು ಮಾತ್ರ ಮೊದಲಿನ ಹಾಗೆಯೇ, ಬಲಗಾಲು ಮುಂದೆ, ಎಡಗಾಲು ಅದರ ಪಕ್ಕಕ್ಕೆ. ಮೋಟಾರ್ ಇಲ್ಲ ಅಂದೆನಲ್ಲ, ಮೇಲಕ್ಕೆ ಎತ್ತುವ ಕೆಲಸ ಇದರದ್ದಲ್ಲ.

ಕೆಲವು ವಾರ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿದ್ದು ದಿನಾ ಹೋಗಿ ಬಂದೆ. ಕೊಡಗಿಗೆ ರೈಲಿಲ್ಲ, ಪ್ರತಿ ಸಲ ಬಸ್ಸಲ್ಲಿ ಬಂದು ಹೋಗುವ ಮಾತೇ ಇರಲಿಲ್ಲ. ಊರಿಗೆ ಬಂದ ಮೇಲೂ ಒಂದು ದೊಡ್ಡ ಕೆಲಸ ಬಾಕಿ ಇತ್ತು. ಕೇಂದ್ರದ ಇಳಿಜಾರು ಸಿಮೆಂಟಿನದ್ದು, ಒಂದೇ ಸಮ. ನಮ್ಮ ಮನೆಯಿಂದ ಕಣಕ್ಕೆ ಇಳಿಯುವ ದಾರಿಯಲ್ಲಿ ಕಲ್ಲು, ಬೇರು, ಒಣಗಿದ ಎಲೆ. ಅಣ್ಣ ಒಂದು ಬದಿಗೆ ಹಿಡಿದುಕೊಳ್ಳಲು ಬಿದಿರು ಕಟ್ಟಿಕೊಟ್ಟ. ಅದನ್ನು ಹಿಡಿದು ಇಳಿಯುತ್ತಾ ಇಳಿಯುತ್ತಾ, ಈಗ ಒಂದು ಕೋಲಿದ್ದರೆ ಸಾಕು. ಹೆಜ್ಜೆ ಮೇಲೆ ಹೆಜ್ಜೆ ಇಟ್ಟು, ನೆಲದ ಮೇಲೆ ಕಣ್ಣು ಕೀಲಿಸದೆ ಇಳಿಯುತ್ತೇನೆ. ಮೊದಲು ನಡೆಯುವಾಗ ನೆಲ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ಈಗ ಯಾವ ಬಳ್ಳಿಯಲ್ಲಿ ಮೆಣಸು ಚೆನ್ನಾಗಿ ಕಚ್ಚಿದೆ ಅಂತ ನೋಡಿ ಅಣ್ಣನಿಗೆ ಹೇಳುತ್ತೇನೆ. ಬಲಮಂಡಿಯ ಊತ ಇಳಿದಿದೆ. ಸೊಂಟ ನೋವು ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ನಿದ್ದೆ ಬರುತ್ತೆ.

ಮಳೆಗಾಲಕ್ಕೆ ಮಾತ್ರ ಇದು ಉತ್ತರ ಅಲ್ಲ. ಬ್ರೇಸ್ ನೆನೆಯಬಾರದು. ಜೂನ್‌ನಿಂದ ಸೆಪ್ಟೆಂಬರ್ ತನಕ ತೋಟಕ್ಕೆ ಹೋಗಬೇಕಾದರೆ ಹಳೆಯ ಕ್ಯಾಲಿಪರೇ. ಅದನ್ನು ಎಣ್ಣೆ ಹಾಕಿ ಚೆನ್ನಾಗಿ ಇಟ್ಟುಕೊಂಡಿದ್ದೇನೆ. ಆಫೀಸಿಗೆ ಬ್ರೇಸ್ ಹಾಕಿ, ಮೇಲೆ ಮಳೆ ಪ್ಯಾಂಟ್ ಹಾಕಿ ಆಟೋದಲ್ಲಿ ಹೋಗುತ್ತೇನೆ. ಇನ್ನೊಂದು ಕರೆಂಟ್. ಪ್ರತಿ ರಾತ್ರಿ ಮೊಬೈಲ್ ಹಾಗೆ ಚಾರ್ಜಿಗೆ ಹಾಕಬೇಕು. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ನಮ್ಮ ಕಡೆ ದಿನಗಟ್ಟಲೆ ಕರೆಂಟ್ ಬರುವುದಿಲ್ಲ, ಇನ್ವರ್ಟರ್ ಹಾಕಿಸಿಕೊಂಡೆವು. ಬ್ಯಾಟರಿ ಪೂರ್ತಿ ಮುಗಿದರೆ ಮಂಡಿ ಬಿಗಿಯಾಗಿ ನಿಲ್ಲುತ್ತೆ, ಕುಸಿಯುವುದಿಲ್ಲ, ಆ ಭಯ ಬೇಡ. ಬೂಟು ಎಡಕ್ಕೆ ಒಂದು ಸೈಜ್ ದೊಡ್ಡದು ಬೇಕು, ಅಂದರೆ ಎರಡು ಜೊತೆ ಕೊಳ್ಳಬೇಕು. ಚೂಡಿದಾರದ ಪ್ಯಾಂಟ್ ಅಗಲ ಹೊಲಿಸಬೇಕು. ಸೆಕೆಗಾಲದಲ್ಲಿ ಬೆವರಿಗೆ ಒಳಗಿನ ಕಾಲುಚೀಲ ಮಧ್ಯಾಹ್ನ ಒಮ್ಮೆ ಬದಲಾಯಿಸುತ್ತೇನೆ. ಹಗುರ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಸಂಜೆ ಬಿಚ್ಚಿದಾಗ ಹಾಯ್ ಅನಿಸುತ್ತೆ.

ಮೊನ್ನೆ ನಾಪೋಕ್ಲು ಕಡೆಯ ಒಬ್ಬರು ಮಗಳ ಜೊತೆ ಮನೆಗೆ ಬಂದಿದ್ದರು. ಅರವತ್ತರ ಹತ್ತಿರದವರು, ಕೈ ಒತ್ತಿಯೇ ನಡೆಯುತ್ತಾರೆ. ಕ್ಯಾಲಿಪರನ್ನೂ ಹಾಕಿದವರಲ್ಲ. ನನ್ನ ಬ್ರೇಸನ್ನು ತಿರುಗಿಸಿ ತಿರುಗಿಸಿ ನೋಡಿ, “ನನಗೆ ಆಗಬಹುದಾ ಮಗಳೇ?” ಅಂದರು. ಅವರ ಮಂಡಿ ನೆಟ್ಟಗಾಗುವುದಿಲ್ಲ, ನೋಡಿದರೇ ಗೊತ್ತಾಗುತ್ತೆ. ಆಗುತ್ತೆ ಅಂತಲೂ ಹೇಳಲಿಲ್ಲ, ಆಗಲ್ಲ ಅಂತಲೂ ಹೇಳಲಿಲ್ಲ. ಮೊದಲು ಸ್ನಾಯು ಪರೀಕ್ಷೆ ಮಾಡಿಸೋಣ, ಬಿಗಿತ ಫಿಸಿಯೋಥೆರಪಿಯಲ್ಲಿ ಎಷ್ಟು ಬಿಡುತ್ತೆ ನೋಡೋಣ, ಈ ಬ್ರೇಸ್ ಆಗದಿದ್ದರೂ ಹಗುರವಾದ ಒಂದು ಕ್ಯಾಲಿಪರ್ ಆದರೂ ಚೆನ್ನಾಗಿರುವ ಕಾಲನ್ನು ಉಳಿಸುತ್ತೆ ಅಂದೆ. ಮುಂದಿನ ತಿಂಗಳು ಮೈಸೂರಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಅವರ ಹಳೆಯ ಎಕ್ಸ್‌ರೇಗಳನ್ನು ಹುಡುಕಿ ಇಡಲು ಮಗಳಿಗೆ ಹೇಳಿದ್ದೇನೆ.